ಬಿ7 ಮನೆಯ ಒಂಟೆ

2013ರ ಜನವರಿ 15. ನೆದರ್ಲೆಂಡ್ಸ್‌ನ ಕಡಲ ದಂಡೆಯ ಪುಟ್ಟ ಊರು ವೈಕ್ ಆನ್ ಜೀಯಲ್ಲಿ ಟಾಟಾ ಸ್ಟೀಲ್ ಚೆಸ್ ಟೂರ್ನಿಯ ನಾಲ್ಕನೇ ಸುತ್ತು. ಬಿಳಿ ಕಾಯಿಗಳು ಅರ್ಮೇನಿಯಾದ ಲೆವೊನ್ ಅರೋನಿಯನ್ ಅವರವು, ಕಪ್ಪು ಕಾಯಿಗಳು ಆಗಿನ ವಿಶ್ವ ಚಾಂಪಿಯನ್ ವಿಶ್ವನಾಥನ್ ಆನಂದ್ ಅವರವು. ಆಟ 23 ನಡೆಗಳಿಗೆ ಮುಗಿಯಿತು. ಅಗ್ರ ಸಾಲಿನ ಆಟಗಾರನೊಬ್ಬ ಬಿಳಿ ಕಾಯಿ ಹಿಡಿದೂ ಇಷ್ಟು ಬೇಗ ಸೋಲೊಪ್ಪುವುದು ಅಪರೂಪ. ಅದೂ ಎದುರಾಳಿ ಒಂಟೆ, ಕುದುರೆ, ಆನೆಗಳನ್ನು ಒಂದೊಂದಾಗಿ ಹೊಡೆತಕ್ಕೆ ಒಡ್ಡುತ್ತ ಬಂದು ಕೊನೆಗೆ ತಪ್ಪಿಸಿಕೊಳ್ಳಲಾಗದ ಮೂಲೆಗೆ ತಳ್ಳಿದಾಗ ಅದನ್ನು ನೋಡಿದವರು ಮರೆಯುವುದಿಲ್ಲ. ಆ ತಂತ್ರದ ಬಹುಭಾಗ 2012ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್ ವಿರುದ್ಧ ಆಡಿದ ವಿಶ್ವ ಚಾಂಪಿಯನ್‌ಷಿಪ್‌ಗಾಗಿ ಮಾಡಿಕೊಂಡ ತಯಾರಿಯಿಂದ ಬಂದದ್ದು ಎಂದು ಆನಂದ್ ಏನೂ ಮುಚ್ಚಿಡದೆ ಹೇಳಿದರು. ಇಂಥ ಮಾತು ಕೇಳಿದೊಡನೆ ಚೆಸ್ ಪ್ರಿಯರಲ್ಲಿ ಸದಾ ಏಳುವ ತಕರಾರೊಂದಿದೆ. ಅಡುಗೆ ಮನೆಯಲ್ಲೇ ಆಗಿತ್ತು, ಇಲ್ಲಿ ಬಡಿಸಿದ್ದಷ್ಟೇ ಎಂಬುದು ಅದು. ಉರು ಹೊಡೆದ ಪಾಠ ಒಪ್ಪಿಸುವುದರಲ್ಲಿ ಕಲೆ ಎಲ್ಲಿಂದ ಬಂತು ಎಂಬ ಪ್ರಶ್ನೆ. ಈ ತಕರಾರು ಮೇಲ್ನೋಟಕ್ಕೆ ನ್ಯಾಯವೆನಿಸುತ್ತದೆ. ಆದರೆ ಈ ಒಂದು ಆಟವನ್ನೇ ಹತ್ತಿರದಿಂದ ನೋಡಿದರೆ ಅದು ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಓಪನಿಂಗ್‌ನ ತಯಾರಿ ಎಂದರೆ ನಡೆಗಳ ಬಾಯಿಪಾಠ ಎಂದುಕೊಂಡವರು ಚೆಸ್‌ನ ಅತ್ಯಂತ ಹಳೆಯ, ಅತ್ಯಂತ ಮಾನವೀಯವಾದ ಭಾಗವನ್ನೇ ಕಾಣದೆ ಹೋಗುತ್ತಾರೆ.

ವಾದಕ್ಕೆ ಮೊದಲು ಮಣೆಯ ಮುಂದೆ ಕೂರೋಣ. ಇಂಗ್ಲಿಷಿನವರ ಬಿಷಪ್ ನಮಗೆ ಒಂಟೆ, ರೂಕ್ ಆನೆ, ನೈಟ್ ಕುದುರೆ, ಕ್ವೀನ್ ಮಂತ್ರಿ, ಪಾನ್ ಕಾಲಾಳು. ಆ ಹೆಸರುಗಳಲ್ಲೇ ಹೇಳುತ್ತೇನೆ. ಅರೋನಿಯನ್ ಮತ್ತು ಆನಂದ್ ಮೊದಲ ಐದು ನಡೆಗಳಲ್ಲಿ ತಲುಪಿದ ಸ್ಥಿತಿಗೆ ಸೆಮಿ-ಸ್ಲಾವ್ ಎಂದು ಹೆಸರು. ಕಪ್ಪು ತನ್ನ ಕಾಲಾಳುಗಳನ್ನು ಡಿ5, ಸಿ6, ಇ6 ಮನೆಗಳಲ್ಲಿ ತ್ರಿಕೋನದಂತೆ ನಿಲ್ಲಿಸುತ್ತದೆ. ಕೋಟೆ ಭದ್ರ. ಆದರೆ ಭದ್ರತೆಗೆ ತೆತ್ತ ಬೆಲೆಯೂ ಕಣ್ಣೆದುರೇ ಇದೆ: ಸಿ8 ಮನೆಯ ಒಂಟೆ ತನ್ನದೇ ಇ6 ಕಾಲಾಳಿನ ಹಿಂದೆ ಬಂದಿಯಾಗಿ ಕೂತಿದೆ. ಮಂತ್ರಿ ಕಡೆಯ ಕಾಲಾಳನ್ನು ಮೊದಲು ನೂಕುವ ಓಪನಿಂಗ್‌ಗಳಲ್ಲಿ ಕಪ್ಪು ಕಾಯಿ ಹಿಡಿದವರನ್ನು ತಲೆಮಾರುಗಳಿಂದ ಕಾಡಿದ ಸಮಸ್ಯೆ ಇದು. ಈ ಒಂಟೆಯನ್ನು ಹೊರಗೆ ತರುವುದು ಹೇಗೆ? ಆನಂದ್ ಆಡಿದ ಉತ್ತರ ಹೀಗಿದೆ. ಬಿಳಿ ಆರನೇ ನಡೆಯಲ್ಲಿ ತನ್ನ ಒಂಟೆಯನ್ನು ಡಿ3ಕ್ಕೆ ತರುವವರೆಗೆ ಕಪ್ಪು ಕಾಯುತ್ತದೆ. ತಂದ ಕೂಡಲೇ ಡಿ5ರ ಕಾಲಾಳಿನಿಂದ ಸಿ4ರ ಕಾಲಾಳನ್ನು ಹೊಡೆಯುತ್ತದೆ. ಬಿಳಿ ಒಂಟೆ ಸಿ4ಕ್ಕೆ ಹೋಗಿ ಅದನ್ನು ಹೊಡೆಯಬೇಕು. ಆಗ ಕಪ್ಪು ಬಿ5ಕ್ಕೆ ಕಾಲಾಳನ್ನು ನೂಕಿ ಒಂಟೆಯನ್ನು ಹೆದರಿಸುತ್ತದೆ. ಒಂಟೆ ಮತ್ತೆ ಡಿ3ಕ್ಕೇ ವಾಪಸು. ಡಿ3, ಸಿ4, ಮತ್ತೆ ಡಿ3: ಹೊರಟ ಮನೆಗೇ ಬಂದು ಸೇರಲು ಬಿಳಿ ನಡೆಗಳನ್ನು ಖರ್ಚು ಮಾಡಿದೆ. ಅಷ್ಟರಲ್ಲಿ ಕಪ್ಪಿಗೆ ಬಿ7 ಮನೆ ತೆರವಾಗಿದೆ. ಬಂದಿಯಾಗಿದ್ದ ಒಂಟೆ ಅಲ್ಲಿಗೆ ಬಂದು ಕೂರುತ್ತದೆ. ಮುಂದೊಂದು ದಿನ ಸಿ6ರ ಕಾಲಾಳು ಸಿ5ಕ್ಕೆ ಸರಿದರೆ, ಬಿ7ರಿಂದ ಬಿಳಿ ರಾಜನ ಮಗ್ಗುಲಿನ ಎಚ್1ರವರೆಗೆ ಉದ್ದನೆಯ ಕರ್ಣ ಪೂರ್ತಿ ಅದರದೇ. ಈ ಓಪನಿಂಗ್‌ನ ಜೀವ ಇರುವುದು ಈ ಒಂದು ಆಸೆಯಲ್ಲಿ.

ಈ ಕ್ರಮಕ್ಕೆ ಮೆರಾನ್ ಎಂದು ಹೆಸರು. ಇಟಲಿಯ ಉತ್ತರ ಭಾಗದ ಮೆರಾನೋ ಪಟ್ಟಣದಲ್ಲಿ 1924ರಲ್ಲಿ ನಡೆದ ಟೂರ್ನಿಯಿಂದ ಬಂದ ಹೆಸರದು. ಅಲ್ಲಿ ಅರ್ನ್ಸ್ಟ್ ಗ್ರುನ್‌ಫೆಲ್ಡ್ ವಿರುದ್ಧ ಕಪ್ಪು ಕಾಯಿಗಳಲ್ಲಿ ಇದನ್ನು ಆಡಿ ಗೆದ್ದವರು ಅಕಿಬಾ ರೂಬಿನ್‌ಸ್ಟೈನ್. ಪೋಲೆಂಡ್‌ನ ಸಣ್ಣ ಊರಿನ ಯಹೂದಿ ಕುಟುಂಬದಿಂದ ಬಂದು, 1912ರ ಒಂದೇ ವರ್ಷದಲ್ಲಿ ಐದು ಟೂರ್ನಿಗಳಲ್ಲಿ ಮೊದಲ ಸ್ಥಾನ ಪಡೆದ ಆಟಗಾರ ಅವರು. ವಿಶ್ವ ಚಾಂಪಿಯನ್ ಲಾಸ್ಕರ್ ಎದುರು ಆಡುವ ಅವಕಾಶ ಹತ್ತಿರ ಬಂದಾಗ ಮೊದಲ ಮಹಾಯುದ್ಧ ಅಡ್ಡ ಬಂತು. ಆದರೆ ನಮ್ಮ ಕಥೆ ಅದಕ್ಕೂ ಹಿಂದಿನದು. 1907ರ ಡಿಸೆಂಬರ್‌ನಲ್ಲಿ ಲೋಡ್ಜ್ ನಗರದಲ್ಲಿ ರೋಟ್ಲೆವಿ ಎಂಬ ಎದುರಾಳಿಯ ಮೇಲೆ ರೂಬಿನ್‌ಸ್ಟೈನ್ ಆಡಿದ ಆಟವನ್ನು ಇಂದಿಗೂ ಅವರ 'ಅಮರ ಆಟ' ಎಂದೇ ಕರೆಯುತ್ತಾರೆ. ಅದರ 11ರಿಂದ 13ನೇ ನಡೆಗಳನ್ನು ನೋಡಿ. ಬಿಳಿ ಒಂಟೆ ಡಿ3ಕ್ಕೆ ಬರುತ್ತದೆ, ಕಪ್ಪು ಸಿ4ರಲ್ಲಿ ಹೊಡೆಯುತ್ತದೆ, ಒಂಟೆ ಸಿ4ಕ್ಕೆ, ಕಪ್ಪು ಕಾಲಾಳು ಬಿ5ಕ್ಕೆ, ಒಂಟೆ ಮತ್ತೆ ಡಿ3ಕ್ಕೆ. ಮೆರಾನೋ ಪಟ್ಟಣದಲ್ಲಿ ಓಪನಿಂಗ್ ಆಗಿ ಹೆಸರು ಪಡೆಯುವುದಕ್ಕೆ 17 ವರ್ಷ ಮೊದಲೇ ಆ ಆಲೋಚನೆ ರೂಬಿನ್‌ಸ್ಟೈನ್ ಕೈಯಲ್ಲಿ, ಬೇರೆಯದೇ ನಡೆಗಳ ಹಾದಿಯಲ್ಲಿ, ಸಿದ್ಧವಾಗಿತ್ತು. ಮುಂದೆ ಆ ಆಟದಲ್ಲಿ ಕಪ್ಪಿನ ಒಂದು ಒಂಟೆ ಬಿ7ರಲ್ಲಿ, ಇನ್ನೊಂದು ಬಿ6ರಲ್ಲಿ ನಿಂತು ಎರಡು ಕರ್ಣಗಳಲ್ಲಿ ಬಿಳಿ ರಾಜನ ಮೂಲೆಯನ್ನೇ ದಿಟ್ಟಿಸಿದವು. ಕುದುರೆ ಜಿ4ಕ್ಕೆ ನೆಗೆಯಿತು. ರೋಟ್ಲೆವಿ ಜಿ3ರ ಕಾಲಾಳಿನಿಂದ ಎಚ್4ರ ಮಂತ್ರಿಯನ್ನು ಬೆದರಿಸಿದಾಗ ರೂಬಿನ್‌ಸ್ಟೈನ್ ಮಂತ್ರಿಯನ್ನು ಅಲ್ಲೇ ಬಿಟ್ಟು ಆನೆಯಿಂದ ಸಿ3ರ ಕುದುರೆಯನ್ನು ಹೊಡೆದರು. ಬಿಳಿ ಮಂತ್ರಿಯನ್ನು ತಿಂದಿತು. ಮರುನಡೆಯಲ್ಲೇ ಇನ್ನೊಂದು ಆನೆಯನ್ನೂ ಡಿ2ರಲ್ಲಿ ಒಡ್ಡಿದರು. 25ನೇ ನಡೆಗೆ ಬಿಳಿ ಕೈಬಿಟ್ಟಿತು. ಬಿ7ರ ಒಂಟೆ ಇ4ಕ್ಕೆ ಬಂದು ಕೊಟ್ಟ ಚೆಕ್ ಆ ಇಡೀ ಕಟ್ಟಡದ ಕೀಲಿಕಲ್ಲು.

ಈಗ ವೈಕ್ ಆನ್ ಜೀಗೆ ವಾಪಸು ಬರೋಣ. 11 ನಡೆ ಮುಗಿದಾಗ ಆನಂದ್ ಅವರ ಒಂಟೆಗಳು ಬಿ7 ಮತ್ತು ಡಿ6ರಲ್ಲಿ ಇವೆ, ಆನೆ ಸಿ8ರಲ್ಲಿದೆ. ಅರೋನಿಯನ್ 12ನೇ ನಡೆಯಲ್ಲಿ ಕುದುರೆಯನ್ನು ಜಿ5ಕ್ಕೆ ಹಾರಿಸಿದರು. ಕುದುರೆ, ಡಿ3ರ ಒಂಟೆ, ಸಿ2ರ ಮಂತ್ರಿ, ಮೂರೂ ಎಚ್7ರ ಕಾಲಾಳಿನ ಮೇಲೆ ಕಣ್ಣಿಟ್ಟಿವೆ. ಹೊಸಬರು ಇಲ್ಲಿ ಕಾಲಾಳನ್ನು ಕಾಯಲು ಹೋಗುತ್ತಾರೆ. ಆನಂದ್ ಅತ್ತ ತಿರುಗಿಯೂ ನೋಡದೆ ಸಿ5 ಆಡಿದರು. ಬಿ7ರ ಒಂಟೆಯ ಮುಂದಿನ ಬಾಗಿಲು ತೆರೆಯಿತು. ಅರೋನಿಯನ್ ಎಚ್7ರ ಕಾಲಾಳನ್ನು ತಿಂದರು, ಅವರ ಕುದುರೆ ಈಗ ಎಫ್8ರ ಆನೆಯ ಮೇಲೂ ಎರಗಿ ನಿಂತಿದೆ. ಆನಂದ್ ಆ ಆನೆಯನ್ನೂ ಲೆಕ್ಕಿಸದೆ ಕುದುರೆಯನ್ನು ಜಿ4ಕ್ಕೆ ಕಳಿಸಿದರು. ಬಿಳಿ ಎಫ್4, ಕಪ್ಪು ಡಿ4ರಲ್ಲಿ ಹೊಡೆತ, ಬಿಳಿಯ ಮರುಹೊಡೆತ. ಆಗ ಬಂತು 15ನೇ ನಡೆ: ಡಿ6ರ ಒಂಟೆ ಸಿ5ಕ್ಕೆ, ಡಿ4ರ ಬಿಳಿ ಕಾಲಾಳಿನ ಬಾಯಿಗೇ. ಅದನ್ನು ತಿಂದರೆ ಇನ್ನೊಂದು ಕಪ್ಪು ಕುದುರೆ ಸಿ5ರಲ್ಲಿ ಮರುಹೊಡೆಯುತ್ತದೆ, ಡಿ4ರ ದಾರಿ ಕಪ್ಪು ಮಂತ್ರಿಗೆ ತೆರೆಯುತ್ತದೆ. ಅರೋನಿಯನ್ ತಿನ್ನಲಿಲ್ಲ. ಒಂಟೆಯನ್ನು ಇ2ಕ್ಕೆ ಇಳಿಸಿ ಜಿ4ರ ಕುದುರೆಯನ್ನು ಬೆದರಿಸಿದರು.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕಪ್ಪಿನ ಆನೆ ಹೊಡೆತಕ್ಕೆ ಸಿಕ್ಕಿದೆ, ಸಿ5ರ ಒಂಟೆ ಹೊಡೆತಕ್ಕೆ ಸಿಕ್ಕಿದೆ, ಜಿ4ರ ಕುದುರೆಯೂ ಸಿಕ್ಕಿದೆ. ಇಷ್ಟಿದ್ದೂ ಆನಂದ್ ನಾಲ್ಕನೇ ಕಾಯಿಯನ್ನು, ಡಿ7ರ ಕುದುರೆಯನ್ನು, ಇ5ಕ್ಕೆ ತಂದು ಎರಡು ಬಿಳಿ ಕಾಲಾಳುಗಳ ನಡುವೆ ನಿಲ್ಲಿಸಿದರು. ಕುದುರೆ ಜಾಗ ಖಾಲಿ ಮಾಡಿದ್ದರಿಂದ ಮಂತ್ರಿಗೆ ಡಿ ಸಾಲು ತೆರೆಯಿತು. ಎಫ್4ರ ಕಾಲಾಳು ಈ ಕುದುರೆಯನ್ನು ತಿಂದಿದ್ದರೆ ಏನಾಗುತ್ತಿತ್ತು ನೋಡಿ. ಮಂತ್ರಿ ಡಿ4ರಲ್ಲಿ ಹೊಡೆದು ಚೆಕ್, ರಾಜ ಎಚ್1ಕ್ಕೆ. ಮಂತ್ರಿ ಜಿ1ಕ್ಕೇ ನುಗ್ಗಿ ಇನ್ನೊಂದು ಚೆಕ್. ರಾಜ ಅದನ್ನು ತಿನ್ನುವಂತಿಲ್ಲ, ಸಿ5ರ ಒಂಟೆ ಬೆನ್ನಿಗಿದೆ. ಆನೆಯೇ ತಿನ್ನಬೇಕು. ತಿಂದ ಆನೆ ಜಿ1ರಲ್ಲಿ ಕೂತು ರಾಜನ ಕೊನೆಯ ಕಿಂಡಿಯನ್ನೂ ಮುಚ್ಚುತ್ತದೆ. ಜಿ4ರ ಕುದುರೆ ಎಫ್2ಕ್ಕೆ ನೆಗೆಯುತ್ತದೆ, ಚೆಕ್‌ಮೇಟ್. ಸುತ್ತ ತನ್ನವರೇ ನಿಂತಿರುವಾಗ ಒಂಟಿ ಕುದುರೆಯ ಕೈಯಲ್ಲಿ ರಾಜ ಸೋಲುವ ಈ ಉಸಿರುಗಟ್ಟಿಸುವ ಮೇಟ್ ಶತಮಾನಗಳಷ್ಟು ಹಳೆಯದು. ಅರೋನಿಯನ್ ಇದನ್ನು ಕಂಡಿದ್ದರು, ಆದ್ದರಿಂದ ಜಿ4ರ ಕುದುರೆಯನ್ನು ಹೊಡೆದರು. ಆನಂದ್ ಒಂಟೆಯಿಂದ ಡಿ4ರಲ್ಲಿ ಚೆಕ್ ಕೊಟ್ಟು, ಇ5ರ ಕುದುರೆಯಿಂದ ಜಿ4ರಲ್ಲಿ ಮರುಹೊಡೆದರು. ಬಿಳಿ ಕೊನೆಗೂ ಎಫ್8ರ ಆನೆಯನ್ನು ತಿಂದಿತು. ಒಂದು ಇಡೀ ಆನೆಯ ಕೊರತೆಯಲ್ಲಿದ್ದ ಕಪ್ಪು ತಕ್ಷಣ ಮರುಹೊಡೆಯಬಹುದಿತ್ತು. ಆನಂದ್ ಹಾಗೆ ಮಾಡದೆ ಎಫ್5ಕ್ಕೆ ಕಾಲಾಳನ್ನು ಸರಿಸಿದರು. ಸಿ2ರಿಂದ ಎಚ್7ರವರೆಗೆ ಬಿಳಿ ಮಂತ್ರಿಗಿದ್ದ ಏಕೈಕ ದಾಳಿಯ ದಾರಿ ಅದರಿಂದ ಬಂದ್ ಆಯಿತು, ಜಿ4ರ ಕುದುರೆಗೆ ಆಸರೆಯೂ ಆಯಿತು. ಅಬ್ಬರದ ಬಲಿದಾನಗಳ ನಡುವೆ ಈ ಸದ್ದಿಲ್ಲದ ಕಾಲಾಳಿನ ನಡೆ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ. ಮುಂದಿನ ಮೂರು ನಡೆಗಳಲ್ಲಿ ಜಿ6ಕ್ಕೆ ಓಡಿದ ಬಿಳಿ ಕುದುರೆ ಬಿತ್ತು, ಕಪ್ಪು ಮಂತ್ರಿ ಎಚ್5ಕ್ಕೆ ಬಂತು.

ಲೋಡ್ಜ್ ಮತ್ತು ವೈಕ್ ಆನ್ ಜೀ ಆಟಗಳನ್ನು ಅಕ್ಕಪಕ್ಕ ಇಡಿ. ಡಿ3ರ ಬಿಳಿ ಒಂಟೆ ಅದೇ ಮೂರು ಹೆಜ್ಜೆಗಳ ವ್ಯರ್ಥ ಸುತ್ತು ಹಾಕಿದೆ. ಕಪ್ಪಿನ ಬಿ5, ಬಿ7 ಅದೇ. ಬಿಳಿ ಎರಡರಲ್ಲೂ ಎಫ್4 ಆಡಿ ತನ್ನ ರಾಜನ ಮುಂದಿನ ಕರ್ಣವನ್ನು ತೆರೆದಿದೆ. ರಾಜ ಎರಡರಲ್ಲೂ ಎಚ್1ರಲ್ಲಿ, ಕಪ್ಪು ಕುದುರೆ ಎರಡರಲ್ಲೂ ಜಿ4ರಲ್ಲಿ. ಚೆಸ್ ಬಲ್ಲವರ ಬಾಯಲ್ಲಿ ಅಂದೇ ರೂಬಿನ್‌ಸ್ಟೈನ್ ಹೆಸರು ಬಂದದ್ದು ಸುಮ್ಮನೆ ಅಲ್ಲ. ನಡೆಗಳ ಪಟ್ಟಿಯಾಗಿ ನೋಡಿದರೆ ಇವು ಬೇರೆ ಬೇರೆ ಆಟಗಳು. 1907ರ ಆಟವನ್ನು ಅಕ್ಷರಶಃ ಉರು ಹೊಡೆದವನಿಗೆ 2013ರಲ್ಲಿ ಒಂದು ನಡೆಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಉಪಯೋಗಕ್ಕೆ ಬಂದದ್ದು ಆ ಆಟದ ಒಳಗಿನ ತಿಳಿವಳಿಕೆ: ಈ ಬಗೆಯ ಕಟ್ಟಿನಲ್ಲಿ ಎರಡು ಒಂಟೆಗಳು ಜೊತೆಯಾಗಿ ರಾಜನತ್ತ ತಿರುಗಿದರೆ ಮಿಕ್ಕ ಕಾಯಿಗಳ ಎಣಿಕೆ ಗೌಣವಾಗುತ್ತದೆ ಎಂಬ ಅರಿವು. ಒಬ್ಬರಿಂದ ಒಬ್ಬರಿಗೆ ಹೀಗೆ ಇಳಿದು ಬಂದ ಅರಿವಿಗೆ ಸಂಗೀತದವರು ಪಾಠಾಂತರ ಎನ್ನುತ್ತಾರೆ. ಪಾಠಾಂತರ ಗಟ್ಟಿಯಿಲ್ಲದವರ ಮನೋಧರ್ಮಕ್ಕೆ ನೆಲೆಯಿರುವುದಿಲ್ಲ ಎಂಬುದು ಅಲ್ಲಿ ಎಲ್ಲರೂ ಒಪ್ಪಿದ ಮಾತು. ಚೆಸ್‌ನ ಓಪನಿಂಗ್ ಅಂಥದೇ ಒಂದು ಪಾಠಾಂತರ.

ಇದಕ್ಕೆ ಮೊದಲ ಆಕ್ಷೇಪ ಕಂಪ್ಯೂಟರಿನ ಹೆಸರಿನಲ್ಲಿ ಬರುತ್ತದೆ. ರೂಬಿನ್‌ಸ್ಟೈನ್ ತಲೆಯಿಂದ ಹೊಳೆದದ್ದು, ಆನಂದ್ ಮತ್ತು ಅವರ ತಂಡಕ್ಕೆ ಯಂತ್ರ ಹೇಳಿಕೊಟ್ಟದ್ದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು. ಯಂತ್ರದ ಪಾಲು ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. ಇಬ್ಬರೂ ಮೂರು ಮೂರು ನಡೆ ನಡೆಯುವಷ್ಟರಲ್ಲಿ ಆಟ ಹಿಡಿಯಬಹುದಾದ ಹಾದಿಗಳ ಸಂಖ್ಯೆ 11.9 ಕೋಟಿ. ಹನ್ನೆರಡನೇ ನಡೆಯ ಹೊತ್ತಿಗೆ ಅದನ್ನು ಎಣಿಸುವ ಮಾತೇ ಇಲ್ಲ. ಈ ಕಾಡಿನಲ್ಲಿ ಯಾವ ಮರದ ಬುಡದಲ್ಲಿ ಅಗೆಯಬೇಕೆಂದು ಮನುಷ್ಯ ಹೇಳಬೇಕು. ಆನಂದ್ ಮೆರಾನ್ ಬುಡಕ್ಕೆ ಗುದ್ದಲಿ ಹಾಕಿದ್ದು 2013ರಲ್ಲಿ ಮೊದಲ ಸಲವಲ್ಲ. 2008ರ ಅಕ್ಟೋಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ವಿರುದ್ಧ ವಿಶ್ವ ಚಾಂಪಿಯನ್ ಪಟ್ಟ ಕಾಯ್ದುಕೊಂಡಾಗ ಮೂರನೇ ಮತ್ತು ಐದನೇ ಆಟಗಳನ್ನು ಕಪ್ಪು ಕಾಯಿಗಳಲ್ಲಿ ಗೆದ್ದದ್ದು ಮೆರಾನ್ ಆಡಿಯೇ. ಅಲ್ಲಿನ ಹೊಸತನ 14ನೇ ನಡೆಯಲ್ಲಿತ್ತು. ಯಾವುದು ಆ ನಡೆ? ಒಂಟೆ ಬಿ7ಕ್ಕೆ. ನಾಲ್ಕು ವರ್ಷಗಳಿಗೂ ಮೀರಿದ ಅಂತರದಲ್ಲಿ ಅದೇ ಒಂಟೆ, ಅದೇ ಮನೆ. ಯಂತ್ರ ಒಂದು ನಡೆಯನ್ನು ಸರಿ ಅಥವಾ ತಪ್ಪು ಎಂದು ಅಂಕಿಯಲ್ಲಿ ಹೇಳುತ್ತದೆ. ಆ ಒಂಟೆಯ ಮೇಲೆ ನಂಬಿಕೆ ಇಟ್ಟು ವರ್ಷಗಟ್ಟಲೆ ಅದರ ಹಿಂದೆ ಬೀಳುವುದು ಮನುಷ್ಯರು.

ಇನ್ನೊಂದು ಮಾತು ನೆನಪಿನ ಕುರಿತು. ತಯಾರಿಯನ್ನು ಹೀಗಳೆಯುವವರು ನೆನಪನ್ನು ತಿಳಿವಳಿಕೆಯ ಎದುರಾಳಿ ಎಂಬಂತೆ ನಿಲ್ಲಿಸುತ್ತಾರೆ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲೇ ಇದನ್ನು ಪರೀಕ್ಷೆಗೆ ಒಡ್ಡಿದ್ದರು. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಅದನ್ನು ಮುಂದುವರಿಸಿದರು. ನಿಜವಾದ ಆಟದಿಂದ ತೆಗೆದ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮರೆಮಾಡಿದರೆ, ಪಳಗಿದ ಆಟಗಾರ ಕಾಯಿಗಳನ್ನು ಮತ್ತೆ ಜೋಡಿಸುವುದರಲ್ಲಿ ಹೊಸಬನನ್ನು ಬಹಳ ಹಿಂದೆ ಹಾಕುತ್ತಾನೆ. ಅದೇ ಕಾಯಿಗಳನ್ನು ಮಣೆಯ ಮೇಲೆ ಅಡ್ಡಾದಿಡ್ಡಿ ಚೆಲ್ಲಿ ತೋರಿಸಿದರೆ ಆ ಮೇಲುಗೈ ಬಹುಮಟ್ಟಿಗೆ ಕರಗಿಹೋಗುತ್ತದೆ. ಎಂದರೆ ಚೆಸ್ ಆಟಗಾರನ ನೆನಪು ಗೋದಾಮಿನ ನೆನಪಲ್ಲ. ಅರ್ಥವಾದದ್ದು ಮಾತ್ರ ಅಲ್ಲಿ ನಿಲ್ಲುತ್ತದೆ, ಒಂದಕ್ಕೊಂದು ಕಾಯಿಗಳ ಸಂಬಂಧವಾಗಿ ನಿಲ್ಲುತ್ತದೆ. ಗೆಲ್ಫಾಂಡ್‌ಗಾಗಿ ಮಾಡಿದ ತಯಾರಿ ತಿಂಗಳುಗಳ ನಂತರ ಬೇರೆ ಊರಿನಲ್ಲಿ, ಬೇರೆ ಎದುರಾಳಿಯ ಮುಂದೆ, ಗಡಿಯಾರ ಓಡುತ್ತಿರುವಾಗ ಕೈಗೆ ಬರಬೇಕಾದರೆ ಪ್ರತಿ ನಡೆಯ ಹಿಂದಿನ ಕಾರಣ ಆನಂದ್ ಅವರಲ್ಲಿ ಜೀವಂತವಾಗಿರಲೇಬೇಕಿತ್ತು.

ತಯಾರಿಯೇ ಎಲ್ಲವೂ ಆಗಿದ್ದರೆ ತಯಾರಾಗಿ ಬಂದವರು ಸೋಲಬಾರದಿತ್ತು. ಸೋತವರಲ್ಲಿ ಅತ್ಯಂತ ಪ್ರಸಿದ್ಧರು ಅಮೆರಿಕದ ಫ್ರಾಂಕ್ ಮಾರ್ಷಲ್. 1918ರಲ್ಲಿ ನ್ಯೂಯಾರ್ಕಿನಲ್ಲಿ ಅವರು ಕ್ಯೂಬಾದ ಕಾಪಾಬ್ಲಾಂಕಾ ಎದುರು ರುಯ್ ಲೋಪೆಜ್ ಓಪನಿಂಗ್‌ನಲ್ಲಿ ಎಂಟನೇ ನಡೆಗೆ ಒಂದು ಕಾಲಾಳನ್ನು ಬಿಟ್ಟುಕೊಟ್ಟು ರಾಜನ ಮೇಲೆ ಮುಗಿಬಿದ್ದರು. ವರ್ಷಗಟ್ಟಲೆ ಬಚ್ಚಿಟ್ಟು ಕಾದಿದ್ದರೆಂಬ ದಂತಕಥೆ ನಂಬುವಂಥದಲ್ಲ. ಆದರೆ ಮಾರ್ಷಲ್‌ಗೆ ಅದು ಪರಿಚಿತ ನೆಲ, ಕಾಪಾಬ್ಲಾಂಕಾಗೆ ಅಪರಿಚಿತ ಎಂಬುದಂತೂ ನಿಜ. ಕಾಪಾಬ್ಲಾಂಕಾ ಹೆದರದೆ ಕಾಲಾಳನ್ನು ತೆಗೆದುಕೊಂಡು, ದಾಳಿಯ ಒಂದೊಂದು ಎಳೆಯನ್ನೂ ಮಣೆಯ ಮುಂದೆಯೇ ಬಿಡಿಸಿ, 36 ನಡೆಗಳಲ್ಲಿ ಗೆದ್ದರು. ಇದರ ಮುಂದಿನ ಭಾಗ ನನಗೆ ಇನ್ನೂ ಮುಖ್ಯ. ಅಂದು ಸೋತ ಆ ಆಲೋಚನೆ ಸಾಯಲಿಲ್ಲ. ಮಾರ್ಷಲ್ ದಾಳಿ ಎಂಬ ಹೆಸರಿನಲ್ಲಿ ಅದನ್ನು ಇಂದಿಗೂ ಕಪ್ಪು ಕಾಯಿ ಹಿಡಿದವರು ಆಡುತ್ತಾರೆ, ಬಿಳಿ ಹಿಡಿದವರು ಅದಕ್ಕೆ ಅಂಜಿ ಬೇರೆ ದಾರಿ ಹಿಡಿಯುತ್ತಾರೆ. ಬಾಯಿಪಾಠ ಒಂದು ಸೋಲಿಗೆ ಅಲ್ಲೇ ಮಣ್ಣಾಗುತ್ತದೆ, ಸರಿಯಾದ ಆಲೋಚನೆ ಸೋಲನ್ನೂ ದಾಟಿ ಬರುತ್ತದೆ.

2000ದಲ್ಲಿ ಲಂಡನ್‌ನಲ್ಲಿ ಕ್ರಾಮ್ನಿಕ್ ಮಾಡಿದ್ದೂ ಇಂಥದೇ. ಹಳೆಯ ಪುಸ್ತಕಗಳ ಮೂಲೆಯಲ್ಲಿದ್ದ ಬರ್ಲಿನ್ ರಕ್ಷಣೆಯನ್ನು ಅವರು ಗ್ಯಾರಿ ಕಾಸ್ಪರೋವ್ ಮುಂದೆ ಇಟ್ಟರು. ಎಂಟನೇ ನಡೆಗೇ ಮಂತ್ರಿಗಳೆರಡೂ ಮಣೆಯಿಂದ ಇಳಿಯುತ್ತವೆ, ಕಪ್ಪು ರಾಜ ಕ್ಯಾಸ್ಲಿಂಗ್ ಹಕ್ಕನ್ನೇ ಕಳೆದುಕೊಂಡು ನಡುವೆ ನಿಲ್ಲುತ್ತಾನೆ. ಇದನ್ನು ಗೆಲುವಿನ ತಂತ್ರ ಎಂದು ಕರೆಯಲು ಎದೆ ಬೇಕು. ಎದುರಾಳಿಯ ಕೈಯಿಂದ ಮಂತ್ರಿಯನ್ನೂ, ಅದರ ಜೊತೆ ಅವರ ದಾಳಿಯ ಉತ್ಸಾಹವನ್ನೂ ಕಸಿಯುವುದು ಕ್ರಾಮ್ನಿಕ್ ಆಲೋಚನೆ. ಕಾಸ್ಪರೋವ್ ಆ ಪಂದ್ಯದ 15 ಆಟಗಳಲ್ಲಿ ಒಂದನ್ನೂ ಗೆಲ್ಲಲಾಗದೆ ವಿಶ್ವ ಚಾಂಪಿಯನ್ ಪಟ್ಟ ಕಳೆದುಕೊಂಡರು. ಎದುರಾಳಿಯ ಸ್ವಭಾವವನ್ನು ಓದಿ ಓಪನಿಂಗ್ ಆರಿಸುವ ಈ ವಿದ್ಯೆಯನ್ನು ಯಾವ ಪುಸ್ತಕವೂ ಉರು ಹೊಡೆಸಲಾರದು.

ಗಂಭೀರವಾಗಿ ಒಪ್ಪಿಕೊಳ್ಳಬೇಕಾದ ಆಕ್ಷೇಪ ಹಣದ್ದು. ಬಾನ್‌ನಲ್ಲಿ ಆನಂದ್ ಬೆನ್ನಿಗೆ ಪೀಟರ್ ಹೈನ್ ನೀಲ್ಸನ್, ರುಸ್ತಮ್ ಕಾಸಿಮ್‌ಜಾನೋವ್, ರಾಡೋಸ್ಲಾವ್ ವೊಯ್ತಾಶೆಕ್, ಸೂರ್ಯಶೇಖರ್ ಗಂಗೂಲಿ ಇದ್ದರು. ನಾಲ್ವರೂ ಗ್ರ್ಯಾಂಡ್‌ಮಾಸ್ಟರ್‌ಗಳು. ಇಂಥ ತಂಡ ಕಟ್ಟುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಸ್ವಂತ ಖರ್ಚಿನಲ್ಲಿ ರೈಲು ಹತ್ತಿ ಟೂರ್ನಿಯಿಂದ ಟೂರ್ನಿಗೆ ಅಲೆಯುವ ಪ್ರತಿಭಾವಂತನಿಗೂ, ತಂಡದ ಬಲವಿರುವವನಿಗೂ ನಡುವೆ ಇರುವ ಅಂತರ ನ್ಯಾಯದ್ದಲ್ಲ. ಇದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಇಷ್ಟು ಹೇಳಬಹುದು: ಸ್ಟಾಕ್‌ಫಿಶ್‌ನಂಥ ಅತ್ಯಂತ ಬಲವಾದ ಯಂತ್ರ ಇಂದು ಯಾರಿಗೂ ಉಚಿತ, ಲಕ್ಷಾಂತರ ಆಟಗಳ ಸಂಗ್ರಹ ಮೊಬೈಲಿನಲ್ಲೇ ಸಿಗುತ್ತದೆ. ಒಂದು ಕಾಲದಲ್ಲಿ ಸೋವಿಯತ್ ಶಾಲೆಯ ಗೋಡೆಗಳ ಒಳಗಿದ್ದ ಅರಿವು ಈಗ ಜಿಲ್ಲಾ ಕೇಂದ್ರದ ಹುಡುಗಿಗೂ ಎಟುಕುತ್ತದೆ. ಎಲ್ಲರ ಕೈಗೂ ಒಂದೇ ಯಂತ್ರ ಬಂದಾಗ, ಅದನ್ನು ಏನು ಕೇಳಬೇಕೆಂದು ತಿಳಿದವರೇ ಮುಂದೆ ಹೋಗುತ್ತಾರೆ. ಮತ್ತೆ ತಿಳಿವಳಿಕೆಗೇ ಬಂದೆವು.

ಕೊನೆಯ ಆಕ್ಷೇಪ ಓಪನಿಂಗ್ ಚೆಸ್ಸನ್ನೇ ಕೊಲ್ಲುತ್ತಿದೆ ಎಂಬುದು. 2018ರಲ್ಲಿ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ನಡುವಿನ ಹನ್ನೆರಡಕ್ಕೆ ಹನ್ನೆರಡೂ ಆಟಗಳು ಡ್ರಾ ಆದವು. ಬಾಬ್ಬಿ ಫಿಶರ್ 1996ರಲ್ಲೇ ಬ್ಯೂನಸ್ ಐರಿಸ್‌ನಲ್ಲಿ ಬೇರೆ ಮದ್ದು ಸೂಚಿಸಿದ್ದರು. ಹಿಂದಿನ ಸಾಲಿನ ಕಾಯಿಗಳನ್ನು ಆಟಕ್ಕೆ ಮುನ್ನ ಚೀಟಿ ಎತ್ತಿದಂತೆ 960 ಬಗೆಗಳಲ್ಲಿ ಒಂದರಂತೆ ಜೋಡಿಸುವುದು, ಅಲ್ಲಿಗೆ ಬಾಯಿಪಾಠದ ಕಥೆ ಮುಗಿಯಿತು. ಆ ಆಟ ಚೆಂದವಾದದ್ದೇ, ಆಡಲಿ. ಆದರೆ ಅದರಲ್ಲಿ ಕಳೆದುಹೋಗುವುದನ್ನು ಗಮನಿಸಿ. ಸಿ8ರ ಒಂಟೆ ಪ್ರತಿ ಸಲವೂ ಅದೇ ಬಂದೀಖಾನೆಯಲ್ಲಿ ಹುಟ್ಟುವುದರಿಂದಲೇ ಅದನ್ನು ಬಿಡಿಸುವ ದಾರಿಗಳನ್ನು ನೂರು ವರ್ಷ ಹುಡುಕಲು ಸಾಧ್ಯವಾಯಿತು. ಲೋಡ್ಜ್‌ನಲ್ಲಿ ಒಬ್ಬ ಕೇಳಿದ ಪ್ರಶ್ನೆಗೆ ಮೆರಾನ್‌ನಲ್ಲಿ ಒಂದು ಉತ್ತರ, ಬಾನ್‌ನಲ್ಲಿ ಇನ್ನೊಂದು, ವೈಕ್ ಆನ್ ಜೀಯಲ್ಲಿ ಮತ್ತೊಂದು. ಆರಂಭದ ಸ್ಥಿತಿ ಪ್ರತಿ ದಿನ ಬದಲಾದರೆ ಈ ಸಂಭಾಷಣೆ ನಿಂತುಹೋಗುತ್ತದೆ. ಡ್ರಾಗಳ ಮಾತಿಗೆ ಬಂದರೆ, 2024ರಲ್ಲಿ ಸಿಂಗಪುರದಲ್ಲಿ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದದ್ದು ಕೊನೆಯ ಆಟದ 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟಾಗ. ತಯಾರಿಯ ಬೆಳಕು ಅಷ್ಟು ದೂರ ಬೀಳುವುದಿಲ್ಲ. ಅಲ್ಲಿ ಉಳಿಯುವುದು ಇಬ್ಬರು ದಣಿದ ಮನುಷ್ಯರು ಮತ್ತು ಒಂದು ಮಣೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಚೆಸ್ ಕಲಿಯುವ ಮಕ್ಕಳ ಸಂಖ್ಯೆ ಏರುತ್ತಿದೆ. ಅವರಿಗೆ ಓಪನಿಂಗ್ ಕಲಿಸುವಾಗ ಹದಿನೈದು ನಡೆಗಳ ಪಟ್ಟಿ ಕೊಟ್ಟು ಒಪ್ಪಿಸು ಎನ್ನುವುದು ಸುಲಭ. ಎದುರಾಳಿ ಹದಿನಾರನೇ ನಡೆಯಲ್ಲಿ ಪಟ್ಟಿ ಬಿಟ್ಟು ಹೋದರೆ ಆ ಮಗು ದಿಕ್ಕು ತಪ್ಪಿ ಕೂರುತ್ತದೆ. ಕಲಿಸುವವರಲ್ಲಿ ಮತ್ತು ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ: ಪಟ್ಟಿಗೆ ಮೊದಲು ಆ ಬಂದಿ ಒಂಟೆಯನ್ನು ತೋರಿಸಿ, ಇದನ್ನು ಹೊರಗೆ ತರುವುದು ಹೇಗೆ ಎಂದು ಕೇಳಿ. ಬಿ5 ಎಂಬ ನಡೆಯನ್ನು ಮಗು ತಾನೇ ಕಂಡುಕೊಂಡರೆ ಅದನ್ನು ಎಂದಿಗೂ ಮರೆಯುವುದಿಲ್ಲ. ಆಮೇಲೆ ಲೋಡ್ಜ್ ಆಟವನ್ನೂ ವೈಕ್ ಆನ್ ಜೀ ಆಟವನ್ನೂ ಒಂದರ ನಂತರ ಒಂದು ಮಣೆಯ ಮೇಲೆ ಆಡಿಸಿ.

ಎರಡನೆಯ ಆಟದ ಕೊನೆಯ ಸ್ಥಿತಿಯಲ್ಲಿ ನಿಲ್ಲಿಸಿ ನೋಡಲು ಹೇಳಿ. 23ನೇ ನಡೆಯಲ್ಲಿ ಅರೋನಿಯನ್ ಮಂತ್ರಿಯನ್ನು ಡಿ3ಕ್ಕೆ ತಂದಿದ್ದಾರೆ, ಅಲ್ಲಿಂದ ಅದು ಅಡ್ಡಸಾಲಿನಲ್ಲಿ ಎಚ್3ರ ಕಾಲಾಳನ್ನು ಕಾಯುತ್ತಿದೆ. ಆ ಕಾಲಾಳು ಜಿ4ರ ಕುದುರೆಯನ್ನು ತಿನ್ನಲಾರದು, ಸರಿದರೆ ಎಚ್5ರ ಮಂತ್ರಿಗೆ ರಾಜ ಸಿಗುತ್ತಾನೆ. ಜಿ2ರ ಕಾಲಾಳೂ ಅಲುಗಲಾರದು, ಬಿ7ರ ಒಂಟೆ ಉದ್ದನೆಯ ಕರ್ಣದ ಆ ತುದಿಯಲ್ಲಿ ಕಾದಿದೆ. ಆನಂದ್ ಇನ್ನೊಂದು ಒಂಟೆಯನ್ನು ಇ3ಕ್ಕೆ, ಬಿಳಿ ಮಂತ್ರಿಯ ದೃಷ್ಟಿಗೆ ಅಡ್ಡವಾಗಿ, ಇಟ್ಟರು. ಬಿಳಿಯ ಎ1ರ ಆನೆ, ಸಿ1ರ ಒಂಟೆ ಆಟದುದ್ದಕ್ಕೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಸಿ1ರ ಒಂಟೆ ಈಗ ಇ3ರಲ್ಲಿ ಹೊಡೆದರೆ ಎಚ್3ರಲ್ಲಿ ಚೆಕ್, ಮರುನಡೆಗೆ ಜಿ2ರಲ್ಲಿ ಮೇಟ್. ಅರೋನಿಯನ್ ಕೈ ಚಾಚಿ ಸೋಲೊಪ್ಪಿದರು.